ಬೈಲಹೊಂಗಲದ ಕಟಿಂಗು

ಚಿಕ್ಕಂದಿನಲ್ಲಿ ನನ್ನ ಜಂಬವೆಲ್ಲ ತಲೆಗೂದಲಿನಲ್ಲಿತ್ತು. ಸವದತ್ತಿ ತಾಲೂಕಿನ ನಮ್ಮ ಹಳ್ಳಿಯ ಹುಡುಗರು ಗುಡಿಯ ಹತ್ತಿರದ ಬೇವಿನ ಮರದ ಕೆಳಗೆ ಕುಳಿತು, ಹಡಪದ ಕಾಕಾನ ಮೊಣಕಾಲುಗಳ ನಡುವೆ ತಲೆ ಕೊಟ್ಟು ಕೂದಲು ಕತ್ತರಿಸಿಕೊಳ್ಳುತ್ತಿದ್ದರು. ನಾನು ಮಾತ್ರ ಅಪ್ಪನ ಜೊತೆ ಬಸ್ಸು ಹತ್ತಿ ಬೈಲಹೊಂಗಲಕ್ಕೆ ಹೋಗುತ್ತಿದ್ದೆ. ಅಲ್ಲಿ ತಿರುಗುವ ಕುರ್ಚಿ, ಮುಂದೊಂದು ಹಿಂದೊಂದು ಕನ್ನಡಿ, ಕುತ್ತಿಗೆಗೆ ಪೌಡರು. ಕಟಿಂಗ್ ಮುಗಿದ ಮೇಲೆ ಸ್ಟ್ಯಾಂಡಿನ ಹತ್ತಿರ ಮಿರ್ಚಿ ಭಜಿ. ಅಪ್ಪ ಕೂಲಿಯವನು. ಆದರೂ ಆ ದಿನ ಒಗೆದ ಅಂಗಿ ತೊಟ್ಟು, "ನಡೀಪಾ ಸಾಹೇಬಾ" ಎಂದು ನನ್ನನ್ನು ಮುಂದೆ ಬಿಟ್ಟುಕೊಂಡು ಹೊರಡುತ್ತಿದ್ದ.

ಸಾಲೆಯಲ್ಲಿ ನನ್ನ ಬಾಯಿಗೆ ಬೀಗವಿರಲಿಲ್ಲ. ನಮ್ಮಪ್ಪನಿಗೆ ಹಳ್ಳಿಯ ಕತ್ತರಿ ಒಗ್ಗುವುದಿಲ್ಲ ಎಂದುಬಿಟ್ಟೆ. ನನ್ನ ಪಕ್ಕದಲ್ಲಿ ಕೂರುತ್ತಿದ್ದ ದೊಡ್ಡ ಹೊಲದವರ ಹುಡುಗನಿಗೆ ಹೊಟ್ಟೆಕಿಚ್ಚು ತಡೆಯಲಾಗಲಿಲ್ಲ. ಬೇವಿನ ಮರದ ಕೆಳಗೆ ಕರೆದೊಯ್ದಾಗ ಮಣೆ ಒದ್ದು, ನನಗೂ ಬೈಲಹೊಂಗಲದ ಕುರ್ಚಿಯೇ ಬೇಕು ಎಂದು ನೆಲಕ್ಕೆ ಬಿದ್ದು ಹೊರಳಾಡಿದನಂತೆ. ಅವರಪ್ಪ ನಕ್ಕು ನಕ್ಕು ಸುಸ್ತಾಗಿ ಕಾರಣ ಹೇಳಿದನಂತೆ. ಮರುದಿನ ಹುಡುಗ ಅದನ್ನು ನನಗೆ ಮುಟ್ಟಿಸಿದ. ದನಿಯಲ್ಲಿ ಕುಹಕವಿರಲಿಲ್ಲ, ಮೋಸ ಹೋದವನ ಬೇಸರವಿತ್ತು ಅಷ್ಟೆ.

"ನಿಮ್ಮ ಕೇರ್ಯಾಗಿನವರ ತಲಿ ಕಾಕಾ ಮುಟ್ಟಂಗಿಲ್ಲಂತ. ಅದಕ್ಕ ನೀವು ಅಷ್ಟ ದೂರ ಹೋಗತೀರಂತ."

ಸುಳ್ಳು ಎಂದೆ. ಆಮೇಲೆ ನೆನೆಸಿಕೊಂಡೆ. ಊರ ಹೊರಗಿನ ನಮ್ಮ ದಲಿತ ಕೇರಿಯ ಒಬ್ಬನನ್ನೂ ಆ ಮರದ ಕೆಳಗೆ ನಾನು ಕಂಡಿರಲಿಲ್ಲ. ಕಾಕಾನ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು, ಮನಸ್ಸಿನಲ್ಲೇ ಬೇಕಾದಷ್ಟು ಬೈದೆ. ಅವನ ಒಲೆ ಉರಿಯುತ್ತಿದ್ದುದು ಸುಗ್ಗಿಯಲ್ಲಿ ಹೊಲದವರು ಕೊಡುವ ಜೋಳದಿಂದ, ನಮ್ಮ ತಲೆ ಮುಟ್ಟಿದ ದಿನವೇ ಆ ಜೋಳ ನಿಲ್ಲುತ್ತದೆ ಎಂಬುದು ತಿಳಿಯಲು ನನಗೆ ಮೀಸೆ ಬರಬೇಕಾಯಿತು.

ಅಪ್ಪನ ಮುಂದೆ ತುಟಿ ಬಿಚ್ಚಲಿಲ್ಲ. ಅವನು ಒಂದು ಅವಮಾನವನ್ನು ನನ್ನ ಪಾಲಿಗೆ ಹಬ್ಬ ಮಾಡಿ ಕೊಟ್ಟಿದ್ದ. ಅದನ್ನು ಕೆಡಿಸಲು ಮನಸ್ಸಾಗಲಿಲ್ಲ. ಮುಂದಿನ ತಿಂಗಳೂ ಬಸ್ಸು ಹತ್ತಿದೆ, ಕುರ್ಚಿ ತಿರುಗಿಸಿದೆ, ಭಜಿ ತಿಂದೆ. ಅಪ್ಪ ನನ್ನ ತಲೆ ಸವರಿ ನಕ್ಕಾಗ ಮಾತ್ರ ಅಳು ಬಂದಂತಾಗಿ, ಮೆಣಸಿನಕಾಯಿ ಖಾರ ಎಂದು ನೀರು ಕುಡಿದೆ.

ಓದಿ ರಾಮದುರ್ಗದಲ್ಲಿ ಮಾಸ್ತರನಾದೆ. ಸಮಾನತೆ, ಅಧಿಕಾರ, ಹಕ್ಕು ಎಂಬ ದೊಡ್ಡ ಶಬ್ದಗಳನ್ನು ಬೋರ್ಡಿನ ಮೇಲೆ ಬರೆಯುವಾಗಲೆಲ್ಲ ನನಗೆ ಕಾಣುತ್ತಿದ್ದುದು ಆ ಮರ. ಎರಡು ಸಾವಿರದ ಇಸವಿ ದಾಟಿದ ಮೇಲೆ ಕಾಕಾನ ಮಗ ಊರಿನ ಬಸ್ ನಿಲ್ಲುವಲ್ಲಿ ಕಟಿಂಗ್ ಅಂಗಡಿ ಹಾಕಿದ. ನಮ್ಮವರು ಹೋದರೆ ಅಲ್ಲೂ "ಆಮ್ಯಾಲ ಬರ್ರಿ" ಎಂಬ ಉತ್ತರವೇ. ಅಷ್ಟರಲ್ಲಿ ಅಪ್ಪನ ಮೊಣಕಾಲು ಹೋಗಿದ್ದವು. ಬಸ್ಸಿನ ಮೆಟ್ಟಿಲು ಹತ್ತಲು ಇಬ್ಬರು ಹಿಡಿಯಬೇಕಿತ್ತು. ಸಾಯುವುದರೊಳಗೆ ಅವನನ್ನು ಅವನದೇ ಊರಿನ ಕುರ್ಚಿಯ ಮೇಲೆ ಕೂರಿಸಬೇಕೆಂದು ಹಟ ಹಿಡಿದೆ.

ನಮ್ಮ ಹುಡುಗರನ್ನು ಕಟ್ಟಿಕೊಂಡು ಊರ ಹಿರಿಯರ ಎದುರು ಗಂಟಲು ಹರಿಯುವಂತೆ ವಾದ ಮಾಡಿದೆ. ಕಾನೂನು ಹೇಳಿದೆ, ಹೆದರಿಸಿದೆ, ಕೈಯನ್ನೂ ಮುಗಿದೆ. ಮುಖ ಗಂಟಿಕ್ಕಿಕೊಂಡೇ ಅವರು ಒಪ್ಪಿದರು. ಎಲ್ಲರಿಗಿಂತ ಹಗುರಾದವನು ಕಾಕಾನ ಮಗ. ಒಲ್ಲೆ ಅಂದು ಅಂದು ತನ್ನ ನಾಲಿಗೆಯೂ ಸವೆದಿತ್ತು ಎಂದು ನನ್ನ ಹತ್ತಿರ ಹೇಳಿಕೊಂಡ. ತಾನೇ ಕೇರಿಗೆ ಬಂದು ಅಪ್ಪನನ್ನು ಕರೆದ. ಅಪ್ಪ ಅವನಿಗೆ ಚಹಾ ಕೊಡಿಸಿದ, ಅವನು ಕುಡಿದ.

ರವಿವಾರ ಅಪ್ಪ ಕೋಲು ಹಿಡಿದು ಹೊರಟ. ಅಂಗಡಿಯ ಎದುರಿನ ಕಟ್ಟೆ ತುಂಬ ಜನ. ನಮ್ಮ ಹುಡುಗನೊಬ್ಬ ಮಾಲೆ ಬೇರೆ ತಂದಿದ್ದ. ಅಪ್ಪ ಕಾಕಾನ ಮಗನಿಗೆ ಕೈ ಎತ್ತಿ ನಮಸ್ಕಾರ ಮಾಡಿದ, ಅಂಗಡಿ ದಾಟಿದ, ಬೈಲಹೊಂಗಲದ ಬಸ್ಸಿನ ಬಾಗಿಲಿಗೆ ಹೋಗಿ ನಿಂತ.

ನನಗೆ ಸಿಟ್ಟು ನೆತ್ತಿಗೇರಿತು. ಇಷ್ಟೆಲ್ಲ ಯಾರ ಸಲುವಾಗಿ ಬಡಿದಾಡಿದೆ ಎಂದು ಅಲ್ಲೇ ಕೂಗಾಡಿದೆ. ಅಪ್ಪ ಸರಳು ಹಿಡಿದು, ಒಂದು ಕಾಲು ಮೆಟ್ಟಿಲ ಮೇಲಿಟ್ಟು ನನ್ನ ಕಡೆ ತಿರುಗಿದ.

"ನೀ ಮಾಡಿದ್ದು ಚಲೋ ಆತು. ಹುಡುಗೂರು ಇಲ್ಲೇ ಮಾಡಿಸಿಕೊಳ್ಳಲಿ. ಆದ್ರ ಇಲ್ಲಿ ನಾ ಕುಂತ್ರ ಊರ ಮಂದಿ ನೋಡಾಕ ನಿಂದರತಾರ. ಬೈಲಹೊಂಗಲದಾಗ ನಾ ಬರೇ ಕೂದಲಾ ಬೆಳದ ಮನಶ್ಯಾ."