ನೀರುಗಂಟಿಯ ಫೋನಿನ ಹೊಲ

ಅಂಜನಾಪುರದ ಕೆರೆಯಿಂದ ನಮ್ಮೂರ ಗದ್ದೆಗಳಿಗೆ ಬರುವ ನೀರನ್ನು ಹಂಚುತ್ತಿದ್ದ ನೀರುಗಂಟಿಯನ್ನು ನೆನೆದಾಗಲೆಲ್ಲ ನನಗೆ ಸಿಟ್ಟು ನೆತ್ತಿಗೇರುತ್ತದೆ.

ಒಂದು ಗದ್ದೆ ತುಂಬಲು ತಾಸುಗಟ್ಟಲೆ ಬೇಕು. ಅಷ್ಟು ಹೊತ್ತು ಅವರು ಬದುವಿನ ಮೇಲೆ ಕೂತು, ಒಂದು ಕಾಲನ್ನು ಗದ್ದೆಗೆ ಇಳಿಬಿಟ್ಟು, ಫೋನಿನಲ್ಲಿ ಬೇಸಾಯದ ಗೇಮ್ ಆಡುತ್ತಿದ್ದರು. ನೀರು ಎಷ್ಟು ಏರಿತೆಂದು ಕಾಲೇ ಹೇಳುತ್ತಿತ್ತು. ಆ ಗೇಮಿನಲ್ಲಿ ನೆರೆಯವರ ಹೊಲಕ್ಕೂ ನೀರು ಹಾಯಿಸಬಹುದು. ಅಲ್ಲೂ ಅವರು ಯಾರನ್ನೂ ಹಿಂದೆ ಮುಂದೆ ಮಾಡುತ್ತಿರಲಿಲ್ಲ. "ಪಾಳಿ ಅಂದ್ರೆ ಪಾಳಿ ಕಣ್ರೀ," ಎನ್ನುವರು.

ನೀರಿನ ಸಂಘದ ಅಧ್ಯಕ್ಷರಿಗೆ ಒಮ್ಮೆ ಪಾಳಿ ಮೀರಿ ನೀರು ಬೇಕಾಯಿತು. ಇವರು ಬಿಡಲಿಲ್ಲ. ಮುಂದಿನ ವಾರವೇ ಅಧ್ಯಕ್ಷರು ಸಭೆ ಕರೆದರು.

"ಕೆಲಸದ ಹೊತ್ನಾಗೆ ಗೇಮ್ ಆಡ್ತಾನ್ರಿ ಇವ! ಮಂಗಳವಾರ ಹತ್ತರಿಂದ ಹನ್ನೆರಡರ ತನಕ ಬಿಟ್ಟೂಬಿಡದೆ ಆಡ್ಯಾನೆ."

"ಆಡೀನ್ರಿ. ಯಾರ ಗದ್ದೆಗೆ ನೀರು ತಪ್ಪೈತೆ ಹೇಳ್ರಿ. ಅಲ್ಲಾ, ಅವತ್ತು ನೀವು ಸೊರಬಕ್ಕೆ ಮದುವೆಗೆ ಹೋಗಿದ್ರಲ್ಲ, ನಿಮಗೆ ಹೆಂಗೆ ಗೊತ್ತಾತು?"

"ಗೇಮ್ನಾಗೆ ನಿನ್ನ ಹೆಸರಿನ ಮುಂದೆ ಹಸಿರು ಚುಕ್ಕಿ ಉರೀತಿತ್ತಲ್ಲೋ!"

"ಹಂಗಾರೆ ಎರಡು ತಾಸು ನೀವೂ ಅದರಾಗೇ ಇದ್ರಿ ಅನ್ನಿ!"

ಸಭೆ ಬಿದ್ದು ಬಿದ್ದು ನಕ್ಕಿತು. ಅಧ್ಯಕ್ಷರ ಮುಖ ಕೆಂಪಾಯಿತು. ನಗು ನಿಲ್ಲುವವರೆಗೆ ಕಾದು, "ಇವನನ್ನ ತೆಗೀಬೇಕು ಅನ್ನೋರು ಕೈ ಎತ್ರಿ," ಎಂದರು.

ನಾಟಿ ಹತ್ತಿರವಿತ್ತು. ಊರಿಗಿದ್ದದ್ದು ಅಧ್ಯಕ್ಷರದೊಂದೇ ಟ್ರ್ಯಾಕ್ಟರ್. ನಕ್ಕವರೆಲ್ಲ ಕೈ ಎತ್ತಿದೆವು.