ಬೆಂಚಿನ ನಡುವಿನ ಜಾಗ

ಲಂಡನ್ನಿನ ರೈಲು ನಿಲ್ದಾಣಗಳಲ್ಲಿ ಮೂವರು ಆರಾಮವಾಗಿ ಕೂರಬಹುದಾದ ಬೆಂಚುಗಳಿವೆ. ಆದರೆ ಮೂವರು ಕೂತದ್ದನ್ನು ನಾನು ಕಂಡದ್ದು ಅಪರೂಪ. ಮೊದಲು ಬಂದವನು ಒಂದು ತುದಿ ಹಿಡಿಯುತ್ತಾನೆ, ಎರಡನೆಯವನು ಇನ್ನೊಂದು ತುದಿ. ಮೂರನೆಯವನು ಬಂದು, ನಡುವಿನ ಖಾಲಿ ಜಾಗವನ್ನು ಗರ್ಭಗುಡಿಯೋ ಎಂಬಂತೆ ದೂರದಿಂದಲೇ ದರ್ಶನ ಮಾಡಿ, ಕಂಬಕ್ಕೆ ಒರಗಿ ನಿಲ್ಲುತ್ತಾನೆ. ನಮ್ಮ ಕಡೆ ಇಂಥದೇ ಬೆಂಚು ಐದು ಜನರನ್ನೂ ಎರಡು ಕೂಸುಗಳನ್ನೂ ಒಂದು ಜೋಳದ ಚೀಲವನ್ನೂ ಹೊತ್ತ ಮೇಲೂ 'ಸ್ವಲ್ಪ ಸರೀರಿ' ಎಂದು ಬಂದವನಿಗೆ ಇಲ್ಲ ಅನ್ನುವುದಿಲ್ಲ. ಇಲ್ಲಿಗೆ ಬಂದ ಹೊಸತರಲ್ಲಿ ಆ ಕಂಬದ ಮನುಷ್ಯ ನಾನೇ ಆಗಿರುತ್ತಿದ್ದೆ. ಇದನ್ನು ಸೌಜನ್ಯ ಎಂದು ಕರೆದುಕೊಂಡು ಸಮಾಧಾನವಾಗಿದ್ದೆ.

ನಾನು ಈ ದೇಶಕ್ಕೆ ಬಂದದ್ದು ಹೆಂಡತಿಯ ವೀಸಾದ ಸೆರಗು ಹಿಡಿದು. ತೊಂಬತ್ತರ ದಶಕದ ಕೊನೆಗೆ ಶಾಂತಾಳಿಗೆ ಇಲ್ಲಿಯ ಆಸ್ಪತ್ರೆಯೊಂದರಲ್ಲಿ ನರ್ಸ್ ಕೆಲಸ ದೊರೆಯಿತು; ನನಗೆ ಲಂಡನ್ನಿನ ಕೆಂಟನ್ ಬಡಾವಣೆಯ ಬಾಡಿಗೆ ಫ್ಲ್ಯಾಟಿನಲ್ಲಿ ಒಂದು ಸೋಫಾ ದೊರೆಯಿತು. ಧಾರವಾಡದಲ್ಲಿ ಬಿ.ಎ. ಮಾಡಿದವನು ನಾನು, ನಮ್ಮ ಮನೆತನದ ಮೊತ್ತಮೊದಲ ಪದವೀಧರ. ಕೆಲವರು ಮಾತಿಗೆ ಕೂತ ಕೂಡಲೇ ಕನ್ನಡಕ ತೆಗೆದಿಡುವಂತೆ ನಾನು ಬಿ.ಎ. ತೆಗೆದಿಡುತ್ತೇನೆ ಎಂದು ಶಾಂತಾ ಹಂಗಿಸುತ್ತಾಳೆ. ಹಂಗಿಸಲಿ. ಅದಕ್ಕೆ ಚೌಕಟ್ಟು ಹಾಕಿಸಿ ದೇವರ ಪಟಗಳ ಪಕ್ಕದಲ್ಲೇ ತೂಗುಹಾಕಿದ್ದೇನೆ. ದೊಡ್ಡವರ ಚರಿತ್ರೆಗಳಲ್ಲಿ ಬರುವಂತೆ ನಾನು ಬೀದಿದೀಪದ ಕೆಳಗೆ ಓದಿದವನಲ್ಲ. ನಮ್ಮ ಬೀದಿಯಲ್ಲಿ ದೀಪವೇ ಇರಲಿಲ್ಲ. ಮನೆಯ ಚಿಮಣಿ ದೀಪದ ಹೊಗೆಯಲ್ಲಿ, ಮೂಗು ಕಪ್ಪಾಗಿಸಿಕೊಂಡು ಓದಿದೆ.

ಅಂಥ ಪದವೀಧರ ಕೆಲಸ ಹುಡುಕುತ್ತ ಮಧ್ಯಾಹ್ನಗಳನ್ನು ಟೀವಿಯ ಮುಂದೆ ಕಳೆಯುತ್ತಿದ್ದಾಗ ಈ ನಾಡಿನ ಹಳೆಯ ಕಪ್ಪು-ಬಿಳುಪು ಹಾಸ್ಯಚಿತ್ರಗಳ ಪರಿಚಯವಾಯಿತು. ಮೊದಮೊದಲು ಅರ್ಥವಾದದ್ದು ಬೀಳುವುದು, ಏಳುವುದು ಮತ್ತು ರೈಲು ತಪ್ಪಿಸಿಕೊಳ್ಳುವುದು. ಅಬ್ಬಾ, ಆ ಚಿತ್ರಗಳಲ್ಲಿ ಎಷ್ಟು ರೈಲು, ಎಷ್ಟು ಸ್ಟೇಷನ್ನು! ಹೊಗೆ, ಗಡಿಯಾರ, ಸೀಟಿ, ಕೋಪದ ಸ್ಟೇಷನ್ ಮಾಸ್ತರ. ನಮ್ಮಪ್ಪ ಮೀಟರ್ ಗೇಜಿನ ಕಾಲದಲ್ಲಿ ಗದಗಿನ ಕಡೆಯ ಒಂದು ಸಣ್ಣ ಸ್ಟೇಷನ್ನಿನಲ್ಲಿ ಹಮಾಲನಾಗಿದ್ದ. ಹೀಗಾಗಿ ಪರದೇಶದ ಸೋಫಾದ ಮೇಲೆ ಕೂತವನಿಗೆ ತವರಿನ ಬಾಗಿಲು ತೆರೆದಂತಾಯಿತು. ಮುಂದೆ ಹೌನ್ಸ್ಲೋದ ಕಾರ್ಗೋ ಆಫೀಸೊಂದರಲ್ಲಿ ಕೆಲಸ ಸಿಕ್ಕರೂ ಆ ಚಟ ಬಿಡಲಿಲ್ಲ. ಕ್ಯಾಸೆಟ್ಟು ತಂದು ನೋಡತೊಡಗಿದೆ.

ಚಟಕ್ಕೆ ಸತ್ಸಂಗ ಬೇಕಲ್ಲ? ಲೈಬ್ರರಿಯ ಗೋಡೆಯ ಮೇಲಿನ ಚೀಟಿಯೊಂದನ್ನು ನೋಡಿ, ಹಳೆಯ ಹಾಸ್ಯಚಿತ್ರಗಳ ಚಿತ್ರೀಕರಣ ನಡೆದ ಜಾಗಗಳನ್ನು ಹುಡುಕಿಕೊಂಡು ಭಾನುವಾರ ನಡೆದುಹೋಗುವ ಒಂದು ಮಂಡಳಿಯನ್ನು ಸೇರಿದೆ. ಹತ್ತು-ಹನ್ನೆರಡು ಜನ, ಎಲ್ಲರೂ ನಿವೃತ್ತರು, ಎಲ್ಲರ ಕೈಯಲ್ಲೂ ಛತ್ರಿ. ಮುಂದಾಳು ಜೆಫ್ರಿ, ಎತ್ತರದ ಆಳು, ಮಾಜಿ ಮೇಷ್ಟ್ರು. ಯಾವುದೋ ಕಾರ್ ಪಾರ್ಕಿನ ಗೋಡೆಯ ಮುಂದೆ ನಮ್ಮನ್ನು ನಿಲ್ಲಿಸಿ 'ಪ್ಲಾಟ್‌ಫಾರ್ಮ್ ಇಲ್ಲಿತ್ತು' ಎನ್ನುತ್ತಿದ್ದರು. ಎಲ್ಲರೂ ತಲೆ ಬಾಗಿಸಿ ಮೌನವಾಗುತ್ತಿದ್ದರು. ನಗಬೇಡಿ, ಬಂಡೆಯ ಮೇಲಿನ ಗುಳಿಯನ್ನು ಸೀತೆಯ ಹೆಜ್ಜೆ ಎಂದು ತೋರಿಸಿದಾಗ ನಾವೂ ಹೀಗೇ ನಿಲ್ಲುತ್ತೇವೆ. ಮೊದಲ ಸಲ ಆ ಮೌನಕ್ಕೆ ಮನಸೋತು ನಾನು ಬೂಟು ಕಳಚಿಟ್ಟೆ. ಒದ್ದೆ ನೆಲದ ಮೇಲೆ ಕಾಲುಚೀಲದಲ್ಲಿ ನಿಂತ ನನ್ನನ್ನು ನೋಡಿಯೂ ಯಾರೂ ಏನೂ ಅನ್ನಲಿಲ್ಲ. ಇಂಗ್ಲಿಷರ ಈ ಗುಣಕ್ಕೆ ನಾನು ಋಣಿ, ಅದರಿಂದ ಬಂದ ನೆಗಡಿಗೂ.

ಅದಕ್ಕೂ ಮೊದಲಿನ ಅವಾಂತರ ಇನ್ನೊಂದಿದೆ. ಅಂಥ ಎಷ್ಟೋ ಚಿತ್ರಗಳು ಈಲಿಂಗ್ ಎಂಬ ಬಡಾವಣೆಯಲ್ಲಿ ತಯಾರಾದವೆಂದು ಕೇಳಿ, ಹೆಸರಷ್ಟೇ ಒಂದಾದ, ಅಲ್ಲಿಂದ ದೂರದ ವೆಂಬ್ಲಿಯ ಈಲಿಂಗ್ ರೋಡಿಗೆ ಹೋಗಿ ಸೀರೆ ಅಂಗಡಿಗೂ ಪಾನ್ ಅಂಗಡಿಗೂ ನಡುವೆ ಸ್ಟುಡಿಯೋ ಹುಡುಕಿದ್ದೆ. ಬಳೆ ಮಾರುವ ಗುಜರಾತಿ ತಾಯಿಯೊಬ್ಬಳು ನನ್ನ ಪ್ರಶ್ನೆಯನ್ನು ಪೂರ್ತಿ ಆಲಿಸಿ, ಪಾಸ್‌ಪೋರ್ಟ್ ಫೋಟೋ ತೆಗೆಯುವ ಸ್ಟುಡಿಯೋ ತೋರಿಸಿದಳು.

ಶಾಂತಾ ಮಾತ್ರ ಇಂಗ್ಲಿಷರಂತೆ ಸುಮ್ಮನಿರುವವಳಲ್ಲ. ಭಾನುವಾರ ನಾನು ಛತ್ರಿ ಹಿಡಿದರೆ ಸಾಕು, "ಏನ್ರೀ, ಇವತ್ತೂ ಗ್ವಾಡಿ ನೋಡಾಕ ಹೊಂಟ್ರ್ಯಾ? ಸಿನೆಮಾ ನೋಡೂದ್ರಾಗ ಒಂದ್ ಅರ್ಥ ಐತಿ. ಸಿನೆಮಾ ತಗದ ಗ್ವಾಡಿ ನೋಡೂದ್ರಾಗ ಏನೈತ್ರಿ?" ಎನ್ನುತ್ತಿದ್ದಳು. ಬಿ.ಎ.ಯಲ್ಲಿ ಈ ಪ್ರಶ್ನೆ ಬಂದಿರಲಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಮಂಡಳಿಗೆ ಅತ್ಯಂತ ಪ್ರಿಯವಾದ ಚಿತ್ರವೊಂದಿತ್ತು. ಅದರ ಹೆಸರು ಹೇಳುವುದಿಲ್ಲ, ಸ್ಟೇಷನ್ನಿನ ಹೆಸರನ್ನೂ ಹೇಳುವುದಿಲ್ಲ. ಹೇಳಿದರೆ ನೀವು ನನ್ನ ಪ್ರಬಂಧ ಬಿಟ್ಟು ಅದನ್ನು ಹುಡುಕಿಕೊಂಡು ಹೊರಡುತ್ತೀರಿ. ಅದರಲ್ಲಿ ಒಂದು ದೃಶ್ಯ. ಹಳ್ಳಿಯ ಸ್ಟೇಷನ್ನಿನ ಬೆಂಚಿನ ಮೇಲೆ ಇಬ್ಬರು ಹೆಂಗಸರು, ನಡುವೆ ಹ್ಯಾಟು ಧರಿಸಿದ ಒಬ್ಬ ದೊಡ್ಡ ಮನುಷ್ಯ, ಬಾರದ ರೈಲಿಗಾಗಿ ಕಾಯುತ್ತಿದ್ದಾರೆ. ಬೆನ್ನ ಹಿಂದೆ ಒಬ್ಬ ಪೋರ್ಟರ್, ಹೆಗಲ ಮೇಲೆ ಪೆಟ್ಟಿಗೆ. ಇಳಿಸು ಎಂದು ಯಾರೂ ಹೇಳದ್ದರಿಂದ ಆತ ಇಳಿಸುವುದಿಲ್ಲ. ರೈಲಿನ ಸದ್ದು ಕೇಳಿದಂತಾಗಿ ಆತ ಹೊರಳಿದಾಗಲೆಲ್ಲ ಪೆಟ್ಟಿಗೆಯ ಮೂಲೆ ತಾಗಿ ದೊಡ್ಡ ಮನುಷ್ಯನ ಹ್ಯಾಟು ಉರುಳುತ್ತದೆ. ಪೋರ್ಟರನ ಪೆದ್ದುತನಕ್ಕೆ ಮಂಡಳಿ ಬಿದ್ದುಬಿದ್ದು ನಗುತ್ತಿತ್ತು. ನಾನೂ ನಗುತ್ತಿದ್ದೆ, ಆದರೆ ಬೇರೆ ಕಾರಣಕ್ಕೆ. ಒಮ್ಮೆ ಚಹಾದ ಹೊತ್ತಿನಲ್ಲಿ ಹೇಳಿಯೂ ಬಿಟ್ಟೆ: ಆತ ಪೆದ್ದನಲ್ಲ, ಬೇಕೆಂದೇ ಬೀಳಿಸುತ್ತಿದ್ದಾನೆ.

ಜೆಫ್ರಿ ಮೃದುವಾಗಿ ತಲೆಯಾಡಿಸಿದರು. "ಇಲ್ಲ ಗೆಳೆಯಾ, ಅವನು ಪೆದ್ದ. ಹಾಸ್ಯ ಇರುವುದೇ ಅದರಲ್ಲಿ. ಇಲ್ಲಿ ಹುಟ್ಟಿ ಬೆಳೆದವರಿಗೆ ಇದು ತಟ್ಟನೆ ಹೊಳೆಯುತ್ತದೆ, ಅಷ್ಟೆ."

ಆ 'ಅಷ್ಟೆ' ನನ್ನನ್ನು ಬಹಳ ದಿನ ಚುಚ್ಚಿತು. ಹುಟ್ಟಿ ಬೆಳೆದವರಿಗೆ! ನಮ್ಮೂರಿನಲ್ಲಿ ಹಮಾಲನ ಮಗನಿಗೆ ಕಾಲೇಜು ಯಾಕೆಂದು ಕೇಳಿದವರೂ ಇದನ್ನೇ ಬೇರೆ ಮಾತಿನಲ್ಲಿ ಕೇಳಿದ್ದರು. ವಿದ್ಯೆಗೆ ವಂಶ ಬೇಕಿಲ್ಲವೆಂದು ಸಾಧಿಸಿ ಸಮುದ್ರ ದಾಟಿ ಬಂದರೆ ನಗೆಗೂ ವಂಶವೃಕ್ಷ ಕೇಳುತ್ತಾರೆ. ನಾನು ಎಲ್ಲಿ ನಗಬೇಕು, ಯಾಕೆ ನಗಬೇಕು ಎಂದು ಇನ್ನೊಬ್ಬರು ತೀರ್ಮಾನಿಸುವುದನ್ನು ನಾನು ಒಪ್ಪುವವನಲ್ಲ. ನಾನು ಸ್ಟೇಷನ್ನಿನಲ್ಲಿ ಹುಟ್ಟಿ ಬೆಳೆದವನು ಸ್ವಾಮಿ. ಆ ಪೋರ್ಟರನನ್ನು ನಿಮಗಿಂತ ಚೆನ್ನಾಗಿ ಬಲ್ಲೆ.

ನಮ್ಮಪ್ಪ ತಲೆಗೆ ಸಿಂಬಿ ಇಟ್ಟು ಟ್ರಂಕು ಹೊತ್ತನೆಂದರೆ ಪ್ಲಾಟ್‌ಫಾರ್ಮಿನ ದರ್ಪಿಷ್ಠರೆಲ್ಲ ತಲೆ ತಗ್ಗಿಸಿ ಸರಿಯಬೇಕಿತ್ತು. ಸರಿಯದವರ ಟೊಪ್ಪಿಗೆ ನೆಲ ಕಾಣುತ್ತಿತ್ತು. ಬೇಕಂತ ಮಾಡಿದೆಯೇನೆಂದು ನಾನು ಕೇಳಿದರೆ ಆತ ಬಲು ಗಂಭೀರನಾಗಿ ಹೇಳುತ್ತಿದ್ದ: "ದೊಡ್ಡಾವ್ರ ಟೊಪ್ಪಿಗಿ ತಾನಾ ಬೀಳತೈತಿ ತಮ್ಮಾ. ನಾವು ಸುಮ್ನ ಹೊಳ್ಳಬೇಕಷ್ಟ." ಆದರೆ ಇಂಥ ಮನುಷ್ಯ ಆ ಸ್ಟೇಷನ್ನಿನ ಬೆಂಚಿನ ಮೇಲೆ ಒಂದು ದಿನವೂ ಕೂತವನಲ್ಲ. ಬೆಂಚು ಟಿಕೆಟ್ಟು ಇದ್ದವರದು ಎನ್ನುತ್ತಿದ್ದ. ನಾನು ಧಾರವಾಡದ ಕಾಲೇಜಿಗೆ ಹೊರಟ ದಿನ ರೈಲು ತಡವಾಯಿತು. "ಟಿಕೆಟ್ ಇದ್ದಾವ ನೀ, ಕೂಡು" ಎಂದು ನನ್ನನ್ನು ಬೆಂಚಿನ ಮೇಲೆ ಕೂರಿಸಿ, ನನ್ನ ಟ್ರಂಕನ್ನು ತಲೆಯ ಮೇಲೆ ಹೊತ್ತುಕೊಂಡೇ ಪಕ್ಕದಲ್ಲಿ ನಿಂತ. ಇಳಿಸಪ್ಪ ಎಂದರೆ, "ಇಳಿಸಿದ್ರ ಮತ್ತ ಎತ್ತಬೇಕಲ್ಲಪಾ" ಎಂದ. ರೈಲು ಬರುವವರೆಗೂ ಇಳಿಸಲಿಲ್ಲ.

ಆ ದೃಶ್ಯ ತೆಗೆದ ಸ್ಟೇಷನ್ನು ಯಾವುದೆಂಬುದು ಮಂಡಳಿಗೆ ಬಹುಕಾಲದ ಒಗಟಾಗಿತ್ತು. ಬಿಡಿಸಿದವನು ನಾನು. ಕೆಲಸ ಮುಗಿಸಿ ಕೆಂಟನ್ನಿಗೆ ಮರಳುವಾಗ ರೈಲು ಬದಲಿಸುವ ಹಳೆಯ ಸ್ಟೇಷನ್ನೊಂದರಲ್ಲಿ, ಎಂದಿನಂತೆ ಕಂಬಕ್ಕೆ ಒರಗಿ ನಿಂತಿದ್ದಾಗ, ಎದುರಿನ ಮೇಲ್ಸೇತುವೆಯ ಮೆಟ್ಟಿಲು ತಿರುಗುವ ರೀತಿ, ಅದರಾಚೆ ಒಂದನ್ನೊಂದು ಮುಟ್ಟುವಂತೆ ವಾಲಿದ, ಮನೆಗಳ ಛಾವಣಿಯ ಜೋಡಿ ಹೊಗೆಗೂಡು, ಎಲ್ಲ ಒಮ್ಮೆಲೇ ಕಪ್ಪು-ಬಿಳುಪಾಗಿ ಕಂಡವು. ಚಿತ್ರದ ಹಳ್ಳಿ ಲಂಡನ್ನಿನ ಹೊಟ್ಟೆಯೊಳಗೇ ಇತ್ತು! ಮಂಡಳಿಯ ಫೋಟೋಗ್ರಾಫರ್ ಮಾರ್ಗರೆಟ್ ಬಂದು ಆ ದೃಶ್ಯದ ಹಳೆಯ ಫೋಟೋವನ್ನು ಕೈಯಲ್ಲಿ ಎತ್ತಿ ಹಿಡಿದು ತಾಳೆ ನೋಡಿ, "ಇದೇ, ಇದೇ!" ಎಂದು ಕುಣಿದರು. ಅಂದು ಹಾಗೂ ಇಂದು ಎಂಬ ಜೋಡಿ ಫೋಟೋ ಲೈಬ್ರರಿಯ ಗೋಡೆಗೆ ಏರುವುದೆಂದು ನಿಶ್ಚಯವಾಯಿತು. ಜಾಗ ಪತ್ತೆ ಮಾಡಿದವನು ಫೋಟೋದಲ್ಲಿ ಬೆಂಚಿನ ಮೇಲೆ ಕೂರುತ್ತಾನೆಂದು ನಾನು, ಯಾರನ್ನೂ ಕೇಳದೆ, ನಿಶ್ಚಯಿಸಿಕೊಂಡೆ. ಕೋಟು ಇಸ್ತ್ರಿ ಮಾಡಿಸಿದೆ. ರಜೆಯಿದ್ದ ಶಾಂತಾ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಕಟ್ಟಿಕೊಂಡು ತಾನೂ ಬಂದಳು.

ಭಾನುವಾರದ ಪ್ಲಾಟ್‌ಫಾರ್ಮು ಖಾಲಿಯಿತ್ತು. ಜೆಫ್ರಿ ಥೇಟು ಆ ಚಿತ್ರದ್ದೇ ಮಾದರಿಯ ಹ್ಯಾಟು ಧರಿಸಿ, ಅಟ್ಟದಿಂದ ಒಂದು ತೊಗಲಿನ ಪೆಟ್ಟಿಗೆಯನ್ನೂ ತಂದಿದ್ದರು. ಮಂಡಳಿಯ ಇಬ್ಬರು ಗೆಳತಿಯರನ್ನು ಬೆಂಚಿನ ತುದಿಗಳಲ್ಲಿ ಕೂರಿಸಿ, ನಡುವೆ ತಾವು ಕೂತು, ನನ್ನತ್ತ ಪೆಟ್ಟಿಗೆ ಚಾಚಿದರು. "ನೀವು ಪೋರ್ಟರ್ ಆಗಿ, ಹಿಂದೆ ನಿಂತುಕೊಳ್ಳಿ. ನಿಮಗೆ ಬಹಳ ಚೆನ್ನಾಗಿ ಒಪ್ಪುತ್ತದೆ."

ಒಂದು ಮಾತು ಸ್ಪಷ್ಟವಾಗಿರಲಿ. ಜೆಫ್ರಿ ಕೆಟ್ಟವರಲ್ಲ, ನಮ್ಮಪ್ಪ ಯಾರೆಂದು ಅವರಿಗೆ ಗೊತ್ತಿರಲಿಲ್ಲ. ಆದರೆ ಗೊತ್ತಿಲ್ಲದೆಯೇ ಅವರ ಕೈ ನೇರವಾಗಿ ನನ್ನತ್ತ ಬಂದದ್ದು ಹೇಗೆ? ನನ್ನ ಹಿಂದಿನಿಂದ ಶಾಂತಾಳ ಧ್ವನಿ, ತಗ್ಗಿದ್ದರೂ ಹರಿತವಾಗಿ: "ಪೆಟಗಿ ಹೊರಾಕ ಕರದಾರೇನ್ರಿ ನಿಮ್ಮನ್ನ? ಬಿ.ಎ. ಆದದ್ದು ಹೇಳ್ರಲ್ಲ ಈಗ!"

ಹೇಳಲಿಲ್ಲ. ಬಾಯಿಗೆ ಬಂದ ಬಿ.ಎ.ಯನ್ನು ನುಂಗಿದ್ದು ಜೀವನದಲ್ಲಿ ಅದೊಂದೇ ಸಲ. ಪೋರ್ಟರ್ ಆಗುವುದು ಅವಮಾನವೆಂದು ಒಪ್ಪಿದರೆ ನಮ್ಮಪ್ಪನನ್ನು ಅಲ್ಲಗಳೆದಂತೆ. ಹಿಂದೆ ನಿಂತರೆ ಆತ ನನ್ನನ್ನು ಬೆಂಚಿನ ಮೇಲೆ ಕೂರಿಸಿದ್ದೇ ವ್ಯರ್ಥ. ಪೆಟ್ಟಿಗೆ ತೆಗೆದುಕೊಂಡೆ. ಹೆಗಲಿಗೇರಿಸಿದೆ. ಬೆಂಚಿನ ಹಿಂದೆ ಹೋಗಿ ನಿಂತೆ. ಮಾರ್ಗರೆಟ್ ಕ್ಯಾಮೆರಾ ಎತ್ತಿದರು. ಆಗ ದೂರದಲ್ಲೆಲ್ಲೋ ರೈಲಿನ ಸದ್ದಾದಂತೆ ನನಗೆ ಕೇಳಿಸಿತು. ಸದ್ದಾಗಿರಲಿಲ್ಲ ಎಂದು ಆಮೇಲೆ ಎಲ್ಲರೂ ಹೇಳಿದರು. ನಾನು ಸುಮ್ಮನೆ ಹೊರಳಿದೆ, ಅಷ್ಟೆ.

ಹ್ಯಾಟು ಉರುಳುರುಳಿ ಪ್ಲಾಟ್‌ಫಾರ್ಮಿನ ಅಂಚಿನ ಹಳದಿ ಗೆರೆಯವರೆಗೆ ಹೋಯಿತು. ಜೆಫ್ರಿ ಎದ್ದು ಹಿಡಿಯಲು ಓಡಿದರು. ನಾನು ಬೆಂಚು ಸುತ್ತಿ ಬಂದೆ, ಪೆಟ್ಟಿಗೆಯನ್ನು ನೆಲಕ್ಕೆ ಇಳಿಸಿದೆ, ಖಾಲಿಯಾಗಿದ್ದ ನಡುವಿನ ಜಾಗದಲ್ಲಿ, ಬೆನ್ನು ಪೂರ್ತಿ ಆನಿಸಿ ಕೂತೆ.

ಹ್ಯಾಟು ಕೊಡವುತ್ತ ಬೆಂಚಿನ ಹಿಂದಕ್ಕೆ ಬಂದ ಜೆಫ್ರಿ ನನ್ನನ್ನೂ ಬೆಂಚನ್ನೂ ನೋಡಿದರು. "ಆದರೆ... ಚಿತ್ರದಲ್ಲಿ ಅವನು ಕೂರುವುದಿಲ್ಲವಲ್ಲ?"

"ಚಿತ್ರ ತಪ್ಪಿದ್ದೇ ಅಲ್ಲಿ," ಎಂದೆ. "ನಮ್ಮಪ್ಪ ಪೋರ್ಟರ್ ಆಗಿದ್ದ. ನನಗೆ ಗೊತ್ತು."

ಮೊದಲು ನಕ್ಕವರು ಮಾರ್ಗರೆಟ್. ನಗುತ್ತಲೇ ಕ್ಲಿಕ್ಕಿಸಿದರು. ಜೆಫ್ರಿ ನಗಲಿಲ್ಲ, ಬಹಳ ಹೊತ್ತು ಹ್ಯಾಟನ್ನು ತಿರುಗಿಸಿ ತಿರುಗಿಸಿ ನೋಡಿ, "ಹಾಗಾದರೆ ಆ ಪೋರ್ಟರ್ ಕೂಡ ಬೇಕೆಂದೇ..." ಎಂದು ಅರ್ಧಕ್ಕೆ ನಿಲ್ಲಿಸಿದರು. ಆಮೇಲೆ ಶಾಂತಾ ಬುತ್ತಿ ಬಿಚ್ಚಿದಳು. ಶೇಂಗಾ ಚಟ್ನಿಯ ಖಾರಕ್ಕೆ ಕಣ್ಣೊರೆಸಿಕೊಳ್ಳುತ್ತ ಜೆಫ್ರಿ ಎರಡನೆಯ ರೊಟ್ಟಿ ಕೇಳಿದರು. ನಿಂತುಕೊಂಡೇ ತಿಂದರು, ಬೆಂಚಿನಲ್ಲಿ ಜಾಗವಿರಲಿಲ್ಲ.

ಮರಳುವ ದಾರಿಯಲ್ಲಿ ಶಾಂತಾ ಕೇಳಿದಳು: "ಖರೇ ಹೇಳ್ರಿ, ಆ ಟೊಪ್ಪಿಗಿ ತಾನಾ ಬಿತ್ತೇನ್ರಿ?"

"ತಾನಾ ಬಿತ್ತು. ನಾ ಸುಮ್ನ ಹೊಳ್ಳಿದೆ."

"ಹೂಂ. ಮಾವನ ಮಗಾನ ಹೌದು ನೀವು," ಎಂದಳು. ಬಿ.ಎ. ಪಾಸಾದ ದಿನವೂ ನನಗೆ ಇಷ್ಟು ದೊಡ್ಡ ಸರ್ಟಿಫಿಕೇಟು ಸಿಕ್ಕಿರಲಿಲ್ಲ.

ಆ ಫೋಟೋದ ಒಂದು ಪ್ರತಿ ಈಗ ನಮ್ಮ ಮನೆಯಲ್ಲಿ ಪದವಿಪತ್ರದ ಪಕ್ಕದಲ್ಲಿದೆ. ಮೊಳೆ ಹೊಡೆದವಳು ಶಾಂತಾ. ಅದರಲ್ಲಿ ಪೆಟ್ಟಿಗೆ ನೆಲದ ಮೇಲಿದೆ, ಹ್ಯಾಟಿನ ಮನುಷ್ಯ ಹಿಂದೆ ನಿಂತಿದ್ದಾರೆ. ನಾನೋ, ಈಗಲೂ ಸಂಜೆ ಅದೇ ಸ್ಟೇಷನ್ನಿನಲ್ಲಿ ರೈಲು ಬದಲಿಸುತ್ತೇನೆ. ಬೆಂಚಿನ ಈ ತುದಿಗೆ ಒಬ್ಬರು, ಆ ತುದಿಗೆ ಒಬ್ಬರು ಇದ್ದೇ ಇರುತ್ತಾರೆ. ಕಂಬ ತನ್ನಷ್ಟಕ್ಕೆ ನಿಂತಿರುತ್ತದೆ. ನಾನು ಹೋಗಿ ಚೀಲ ಇಳಿಸಿ, 'ಸ್ವಲ್ಪ ಸರೀರಿ' ಎಂದು ಕನ್ನಡದಲ್ಲೇ ಅಂದು ನಡುವೆ ಕೂರುತ್ತೇನೆ. ಸರಿಯುತ್ತಾರೆ. ರೈಲು ಬರುವಾಗ ಬರಲಿ.