ಮೂರು ಕಡೆ ನಿಲ್ಲದ ಬಣ್ಣ

ನಮ್ಮ ಅವ್ವನಿಗೆ ಸಂಜೆ ಅಂಗಳದಲ್ಲಿ ಕೂತು ಓಣಿ ನೋಡದಿದ್ದರೆ ಉಂಡದ್ದು ಕರಗುವುದಿಲ್ಲ. ಮೊಣಕಾಲು ಕೈಕೊಟ್ಟ ಮೇಲೆ ಕಟ್ಟೆಯ ಮೇಲೆ ಕೂತರೆ ಏಳಲು ಆಗದು. ಒಳಗೇ ಮಲಗಿ ಮಲಗಿ ಸೊರಗತೊಡಗಿದಳು. ಎತ್ತರದ ಬೆನ್ನಿರುವ ಕುರ್ಚಿಯೊಂದು ಬೇಕಿತ್ತು. ಹೊಸದರ ಬೆಲೆ ಕೇಳಿ ನಾನು ಅಂಗಡಿಯಿಂದ ಹಾಗೇ ಇಳಿದು ಬಂದೆ. ನನ್ನದು ಬಿಗಿ ಕೈ ಎಂದು ಮನೆಯವರು ಆಡಿಕೊಳ್ಳುವುದು ಸುಳ್ಳಲ್ಲ. ಕೊನೆಗೆ ಜಮಖಂಡಿಯ ಗುಜರಿಯಲ್ಲಿ ತುಕ್ಕು ಹಿಡಿದ ಕಬ್ಬಿಣದ ಕುರ್ಚಿ ಸಿಕ್ಕಿತು. ಕೂರುವ ಜಾಗದಲ್ಲಿ ಬರೀ ಚೌಕಟ್ಟು. ಆಟೋದಲ್ಲಿ ಹಾಕಿಕೊಂಡು ಬನಹಟ್ಟಿಗೆ ತಂದೆ.

ಎರಡು ದಿನ ಪಾಲಿಶ್ ಪೇಪರ್ ಹಿಡಿದು ಉಜ್ಜಿದೆ. ಪಕ್ಕದ ಮನೆಯ ಮಗ್ಗದಿಂದ ವೇಸ್ಟ್ ನೂಲು ಬೇಡಿ ತಂದೆ. ಅವ್ವ ಅದನ್ನು ಹುರಿ ಹೊಸೆದಳು, ಸೀಟು ತಾನೇ ಹೆಣೆಯುತ್ತೇನೆಂದಳು. ನಲವತ್ತು ವರ್ಷ ಕೈಮಗ್ಗದ ಮುಂದೆ ಕೂತವಳು ಆಕೆ. ಉಜ್ಜುವಾಗಲೇ ನಾನೊಂದು ಗಮನಿಸಿದ್ದೆ: ಮೂರು ಕಡೆ ಬಣ್ಣ ಪಟ್ಟಿಯಾಗಿ ಸವೆದಿತ್ತು. ಕುರ್ಚಿಯ ಎರಡೂ ತೋಳುಗಳ ಮೇಲೆ, ಮತ್ತು ಬೆನ್ನಿನ ತುದಿಯ ಸರಳಿನಲ್ಲಿ. ಆ ಸರಳಿಗೆ ಬಿಳಿ ಬಟ್ಟೆಯ ಪಟ್ಟಿಯೊಂದು ಗಂಟು ಬಿದ್ದು ಉಳಿದಿತ್ತು. ಕತ್ತರಿ ತರಲು ಎದ್ದೆ. ಅವ್ವ ಕೈ ಅಡ್ಡ ಹಿಡಿದು, ಗಂಟನ್ನು ಬೆರಳಿನಿಂದ ತಿರುವಿ ನೋಡಿದಳು.

“ಇದು ನೇಕಾರರ ಗಂಟಲ್ಲ. ಹೆಣಾ ಕುಂದ್ರಸಿ ತಲಿ ಕಟ್ಟಿದ್ದು,” ಎಂದಳು.

ನಮ್ಮಲ್ಲಿ ಸತ್ತವರನ್ನು ಕೂಡಿಸಿಯೇ ಮಣ್ಣಿಗೆ ಇಡುತ್ತೇವೆ. ಅದಕ್ಕೂ ಮೊದಲು ಮನೆಯ ಮುಂದೆ ಕುರ್ಚಿಯಲ್ಲಿ ಕೂಡಿಸಿ, ತಲೆ ವಾಲದಂತೆ, ಕೈ ಜಾರದಂತೆ ಬಟ್ಟೆಯಿಂದ ಕಟ್ಟುತ್ತಾರೆ. ಬಂದವರು ಮುಖ ನೋಡಿ ಹೋಗುತ್ತಾರೆ. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಅಗ್ಗಕ್ಕೆ ಸಿಕ್ಕಿತೆಂಬ ಖುಷಿಯಲ್ಲಿ ತಲೆಗೆ ಹೊಳೆಯಲೇ ಇಲ್ಲ. ಎರಡು ದಿನ ಉಜ್ಜಿದ ಅಂಗೈ ಜುಮ್ಮೆಂದಿತು. ಈಗಲೇ ಗುಜರಿಗೆ ವಾಪಸು ಹಾಕುತ್ತೇನೆಂದೆ. ಅವ್ವ ಕೇಳಲಿಲ್ಲ. ಸೀಟು ಹೆಣೆದು ಮುಗಿಸಿ, ಆ ಪಟ್ಟಿಯನ್ನು ಬಿಚ್ಚಿ ತೊಳೆದು ತಂತಿಗೆ ಒಣಹಾಕಿದಳು. ಕೆಲಸಕ್ಕೆ ಬರುತ್ತದೆಯಂತೆ. ಜಿಪುಣತನ ನನಗೆ ಎಲ್ಲಿಂದ ಬಂತೆಂದು ಬೇರೆ ಹೇಳಬೇಕಿಲ್ಲ.

ಹಸಿರು ಬಣ್ಣ ಹೊಡೆದೆ. ಹದಿನೈದು ದಿನಕ್ಕೆ ಆ ಮೂರೇ ಕಡೆ ಎದ್ದಿತು. ಮತ್ತೆ ಹೊಡೆದೆ, ಮತ್ತೆ ಎದ್ದಿತು. ತುಕ್ಕು ಪೂರಾ ಹೋಗಿರಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಉಳಿದ ಕಡೆ ಹೇಗೆ ನಿಂತಿತೆಂದು ಕೇಳಿಕೊಳ್ಳಲಿಲ್ಲ. ಅವ್ವ ಮಾತ್ರ ಗೆಲುವಾದಳು. ದಿನಾ ಸಂಜೆ ಅಲ್ಲಿ ಕೂತು ಹೋಗಿಬರುವವರನ್ನೆಲ್ಲ ಮಾತಿಗೆಳೆಯುತ್ತಿದ್ದಳು.

ಒಂದು ಸಂಜೆ ಕರೆಂಟು ಹೋಯಿತು. ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ನಮ್ಮೂರಲ್ಲಿ ಸದ್ದು ನಿಂತಾಗಲೇ ಎದೆ ಹೊಡೆದುಕೊಳ್ಳುವುದು. ಅವ್ವನ ಮಾತೂ ಕೇಳಿಸಲಿಲ್ಲ. ಹೊರಬಂದೆ. ಕಣ್ಣು ಮುಚ್ಚಿ ನೆಟ್ಟಗೆ ಕೂತಿದ್ದಳು. ಎಡಗೈ ಆ ಬಿಳಿ ಪಟ್ಟಿಯಿಂದ ಕುರ್ಚಿಯ ತೋಳಿಗೆ ಬಿಗಿದಿತ್ತು. ಕರೆದೆ. ಮಿಸುಕಲಿಲ್ಲ. ಮೊಣಕಾಲೂರಿ ಗಂಟಿಗೆ ಕೈ ಹಾಕಿದೆ. ನೇಕಾರರ ಗಂಟು, ನನಗೆ ಬಿಚ್ಚಲು ಬರಲಿಲ್ಲ, ಅಳು ಬಂತು.

ಅವ್ವ ಕಣ್ಣು ತೆರೆದಳು. ಬಲಗೈಯಿಂದ ಒಂದು ತುದಿ ಎಳೆದಳು, ಬಿಚ್ಚಿಕೊಂಡಿತು. ಪಟ್ಟಿಯನ್ನು ನನ್ನ ಕೈಗಿಟ್ಟಳು.

“ಕಲ್ಕೋ. ಆವತ್ತ ಬ್ಯಾರೇದವರ ಕೈಲೆ ಕಟ್ಟಸಬ್ಯಾಡ. ನೀನ ಕಟ್ಟು.”

ಮಗ್ಗಗಳು ಮತ್ತೆ ಶುರುವಾಗುವವರೆಗೂ ಕಲಿಸಿದಳು. ಕಲಿತೆ.